ಕಹಿ ವರ್ಮೌತಿಗೆ ಜೊತೆ: ಮೊದಲು ಉಪ್ಪು, ಆಮೇಲೆ ಪರಿಮಳ

ಲೋಟಕ್ಕೆ ಮೂಗಿಟ್ಟಾಗ ಕಿತ್ತಳೆ ಸಿಪ್ಪೆಯ ವಾಸನೆ ಬಂತೆಂದು ತಟ್ಟೆಯಲ್ಲೂ ಕಿತ್ತಳೆ ಇಡುವುದು, ಗಿಡಮೂಲಿಕೆ ಬೆರೆಸಿದ ವರ್ಮೌತಿನಂಥ ಕಹಿ ವೈನಿನ ವಿಷಯದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಮೊದಲ ಗುಟುಕಿಗೆ ಚೆನ್ನಾಗಿಯೇ ಇರುತ್ತದೆ. ಮೂರನೆಯ ಗುಟುಕಿನ ಹೊತ್ತಿಗೆ ಗಂಟಲಲ್ಲಿ ಕಹಿ ಕೂತುಬಿಟ್ಟಿರುತ್ತದೆ, ಕಿತ್ತಳೆಯ ಗುರುತೇ ಉಳಿದಿರುವುದಿಲ್ಲ. ಹಾಗಾಗಿ ನಾನು ಮೊದಲು ನೋಡುವುದು ಈ ಕಹಿಯನ್ನು ಯಾವುದು ತಗ್ಗಿಸುತ್ತದೆ ಅನ್ನುವುದನ್ನು. ಉಪ್ಪೋ, ಜಿಡ್ಡೋ, ಸಿಹಿಯೋ? ಅದು ಗೊತ್ತಾದ ಮೇಲೆ ವೈನಿನ ಪರಿಮಳಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ತಟ್ಟೆಗೆ ತರುತ್ತೇನೆ.

ಕಹಿಯಲ್ಲೂ ಜಾತಿಗಳಿವೆ. ವರ್ಮೌತಿನಲ್ಲಿ ಆರ್ಟಿಮೀಸಿಯ ಕುಲದ ಗಿಡ ಇರಲೇಬೇಕೆಂಬುದು ಐರೋಪ್ಯ ಒಕ್ಕೂಟದ ನಿಯಮ. ಹೆಸರು ಬಂದದ್ದೂ ಆ ಗಿಡದ ಜರ್ಮನ್ ಹೆಸರಾದ ‘ವೆರ್ಮುಟ್’ನಿಂದ. ದವನ, ಮಾಚಿಪತ್ರೆಗಳೂ ಅದೇ ಕುಲದವು, ಆದ್ದರಿಂದ ಆ ಹಸಿರು ಘಾಟನ್ನು ಗುರುತಿಸುವುದು ಕಷ್ಟವಲ್ಲ. ಜೆಂಟಿಯನ್ ಬೇರಿನ ಕಹಿಯಲ್ಲಿ ಮಣ್ಣಿನ ವಾಸನೆ ಇರುತ್ತದೆ, ತಡವಾಗಿ ಬಂದು ಬಹಳ ಹೊತ್ತು ನಿಲ್ಲುತ್ತದೆ. ಸಿಂಕೋನಾ ತೊಗಟೆಯದು ಒಗರನ್ನೂ ಜೊತೆಗೆ ಎಳೆದುಕೊಂಡು ಬರುವ ಕಹಿ. ಇಟಲಿಯ ಆಸ್ತಿ ಪ್ರದೇಶದ ‘ಕೊಕ್ಕಿ ಅಮೆರಿಕಾನೊ’ ಎಂಬ ಬಿಳಿ ವೈನಿನಲ್ಲಿ ಜೆಂಟಿಯನ್ನೂ ಸಿಂಕೋನಾವೂ ಇವೆ. ಅಲ್ಲಿಯದೇ ಕೆಂಪು ವೈನಾದ ಬರೋಲೊ ಕಿನಾತೊದಲ್ಲಿ ನೆಬ್ಬಿಯೋಲೊ ದ್ರಾಕ್ಷಿಯದೇ ಒಗರಿನ ಮೇಲೆ ಸಿಂಕೋನಾದ ಒಗರು. ಟ್ಯೂರಿನ್ನಿನ ಕೆಂಪು ವರ್ಮೌತಾದ ಪುಂಟ್ ಎ ಮೆಸ್ ಅನ್ನುವ ಹೆಸರಿಗೆ ‘ಒಂದೂವರೆ ಪಾಲು’ ಎಂದರ್ಥ: ಒಂದು ಪಾಲು ಸಿಹಿ, ಅರ್ಧ ಪಾಲು ಕಹಿ. ಮೂರಕ್ಕೂ ಒಂದೇ ತಟ್ಟೆ ಹೊಂದುವುದಿಲ್ಲ.

ಹೊಸ ಬಾಟಲಿ ತೆರೆದ ದಿನ ನಾನು ಇಡುವ ಪರೀಕ್ಷೆಯ ತಟ್ಟೆ ತೀರಾ ಸಪ್ಪೆಯಾಗಿ ಕಾಣುತ್ತದೆ. ಉಪ್ಪಿಲ್ಲದ ಬ್ರೆಡ್ಡು, ಉಪ್ಪು ಹಚ್ಚಿ ಹುರಿದ ಬಾದಾಮಿ, ಉಪ್ಪುನೀರಿನ ಹಸಿರು ಆಲಿವ್, ಎರಡು ವರ್ಷ ಹಳೆಯ ಪಾರ್ಮೆಸಾನ್ ಚೀಸಿನ ಚೂರು, ಎಣ್ಣೆಯಲ್ಲಿಟ್ಟ ಆಂಚೊವಿ ಮೀನು, ಕೋಕೋ ಶೇ. 70 ಇರುವ ಚಾಕೊಲೇಟ್. ಆರಕ್ಕಿಂತ ಹೆಚ್ಚು ಬೇಡ, ಕಹಿ ನಾಲಿಗೆಯ ಮೇಲೆ ಪದರಪದರವಾಗಿ ಕೂಡುತ್ತಾ ಹೋಗಿ ಏಳನೆಯದರ ತೀರ್ಪು ನಂಬುವಂತಿರುವುದಿಲ್ಲ. ಒಂದೊಂದಕ್ಕೂ 15 ಮಿಲಿ ವೈನು ಸಾಕು. ಒಂದು ಗುಟುಕು, ಒಂದು ತುತ್ತು, ಮತ್ತೆ ಒಂದು ಗುಟುಕು. ಎರಡನೆಯ ಗುಟುಕು ಮೊದಲನೆಯದಕ್ಕಿಂತ ಮೃದುವಾಗಿದ್ದರೆ ಆ ಜೋಡಿ ಮುಂದಿನ ಸುತ್ತಿಗೆ, ಗಡುಸಾಗಿದ್ದರೆ ಅಲ್ಲೇ ಕೈಬಿಡುವುದು. ನಡುವೆ ಬ್ರೆಡ್ಡು, ನೀರು, ಎರಡು ನಿಮಿಷ ಬಿಡುವು. ಬಿಡುವು ಕೊಡದೆ ಅವಸರ ಮಾಡಿದರೆ ಆಲಿವಿಗೆ ಸಲ್ಲಬೇಕಾದ ಅಂಕ ಬಾದಾಮಿಗೆ ಹೋಗುತ್ತದೆ.

ಹೆಚ್ಚಿನ ಸಲ ಗೆಲ್ಲುವುದು ಉಪ್ಪೇ. ಸೋಡಿಯಂ ನಾಲಿಗೆಯ ಮೇಲೆ ಕಹಿಯನ್ನು ನೇರವಾಗಿ ಹತ್ತಿಕ್ಕುತ್ತದೆ. ಕಹಿ ಸರಿದ ಜಾಗದಲ್ಲಿ ಅಡಗಿದ್ದ ಸಿಹಿಯೂ ಪರಿಮಳವೂ ಮೇಲೆ ಬರುತ್ತವೆ. ಸ್ಪೇನಿನಲ್ಲಿ ಊಟಕ್ಕೆ ಮುಂಚಿನ ವರ್ಮೌತಿನ ಜೊತೆ ಆಲಿವ್, ಆಲೂಗೆಡ್ಡೆ ಚಿಪ್ಸ್, ಡಬ್ಬಿಯ ಚಿಪ್ಪುಮೀನು ಬರುವುದು ಸುಮ್ಮನೆ ಅಲ್ಲ: ಉಪ್ಪು ಮತ್ತು ಜಿಡ್ಡು ಎರಡೂ ಒಂದೇ ತಟ್ಟೆಯಲ್ಲಿ. ಅಲ್ಲಿನ ‘ಗಿಲ್ಡ’ ಎಂಬ ಕಡ್ಡಿ ತಿಂಡಿಯಲ್ಲಿ ಆಲಿವ್, ಆಂಚೊವಿ, ವಿನೆಗರಿನಲ್ಲಿಟ್ಟ ಹಸಿ ಮೆಣಸಿನಕಾಯಿ ಒಟ್ಟಿಗೆ ಚುಚ್ಚಿರುತ್ತವೆ. ನಾನು ಅದನ್ನು ಮಾಡುವಾಗ ಎರಡು ಆಲಿವಿಗೆ ಒಂದು ಆಂಚೊವಿ, ಮೆಣಸಿನಕಾಯಿ ಖಾರವಿಲ್ಲದ್ದು. ಖಾರ ಇದ್ದರೆ ಮದ್ಯದ ಉರಿ ಏರುತ್ತದೆ, ಉರಿಯ ಹಿಂದೆಯೇ ಕಹಿಯೂ.

ಇಲ್ಲೊಂದು ಬಲೆ ಇದೆ. ಅಣಬೆ, ಸೋಯಾ, ಮಾಂಸದ ಸಾರು ಇವುಗಳಲ್ಲಿರುವ ‘ಉಮಾಮಿ’ ರುಚಿ ವೈನಿನ ಕಹಿ ಮತ್ತು ಒಗರನ್ನು ಎತ್ತಿ ತೋರಿಸುತ್ತದೆ. ಆಂಚೊವಿಯಲ್ಲೂ ಪಾರ್ಮೆಸಾನಿನಲ್ಲೂ ಉಮಾಮಿ ದಂಡಿಯಾಗಿದೆ, ಆದರೆ ಅಷ್ಟೇ ಉಪ್ಪೂ ಇರುವುದರಿಂದ ಲೆಕ್ಕ ಸರಿಹೋಗುತ್ತದೆ. ಉಪ್ಪು ಕಡಿಮೆ ಹಾಕಿ ಹುರಿದ ಅಣಬೆಯ ಜೊತೆ ಕಿನಾತೊ ಕುಡಿದರೆ ಬಾಯಿ ತೊಗಲಿನಂತೆ ಒಣಗುತ್ತದೆ. ಅಂಥ ಹೊತ್ತಿಗೆ ವೈನು ಬದಲಿಸುವ ಮುಂಚೆ ಅಣಬೆಗೆ ಒಂದು ಚಿಟಿಕೆ ಉಪ್ಪು, ಒಂದು ಚಮಚ ಬೆಣ್ಣೆ ಸೇರಿಸಿ ನೋಡಿ.

ಸಿಹಿಯ ಲೆಕ್ಕ ಇನ್ನೂ ಕಟ್ಟುನಿಟ್ಟು. ಐರೋಪ್ಯ ನಿಯಮದ ಪ್ರಕಾರ ಸಿಹಿ ವರ್ಮೌತಿನಲ್ಲಿ ಲೀಟರಿಗೆ 130 ಗ್ರಾಂ ಅಥವಾ ಹೆಚ್ಚು ಸಕ್ಕರೆ, ‘ಎಕ್ಸ್‌ಟ್ರಾ ಡ್ರೈ’ನಲ್ಲಿ 30 ಗ್ರಾಮಿಗಿಂತ ಕಡಿಮೆ. ಅಂದರೆ ಸಿಹಿ ಬಗೆಯ 60 ಮಿಲಿಯಲ್ಲಿ ಸುಮಾರು 8 ಗ್ರಾಂ. ತಿಂಡಿ ಅದಕ್ಕಿಂತ ಸಿಹಿಯಾದರೆ ವೈನಿನ ಸಿಹಿ ಮಾಯವಾಗಿ ಬರೀ ಕಷಾಯ ಉಳಿಯುತ್ತದೆ. ಕೇಕು, ಕ್ಯಾರಮೆಲ್, ಹಾಲಿನ ಚಾಕೊಲೇಟ್ ಸೋಲುವುದು ಇದರಿಂದಲೇ. ಶೇ. 85ಕ್ಕಿಂತ ಮೇಲಿನ ಚಾಕೊಲೇಟೂ ಸೋಲುತ್ತದೆ, ಅಲ್ಲಿ ಕೋಕೋದ ಒಗರು ವೈನಿನ ಒಗರಿಗೆ ಜೊತೆಗೂಡುತ್ತದೆ. ಶೇ. 65ರಿಂದ 72ರ ನಡುವೆ ಹದ ಸಿಗುತ್ತದೆ. ಚಾಕೊಲೇಟನ್ನು ಫ್ರಿಜ್ಜಿನಿಂದ ಹೊರಗೆ, 20–22 ಡಿಗ್ರಿಯಲ್ಲಿ ಇಡಿ. ತುಂಡು ನಾಲಿಗೆಯ ಮೇಲೆ ಪೂರ್ತಿ ಕರಗಿದ ಮೇಲೆ ಗುಟುಕರಿಸಿ. ಕಿನಾತೊ 16–18 ಡಿಗ್ರಿಯಲ್ಲಿರಲಿ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ತಣ್ಣಗಿನ ವೈನು ತಗುಲಿದರೆ ಅದು ಮೇಣದಂತೆ ನಾಲಿಗೆಗೆ ಅಂಟಿ ಕೂರುತ್ತದೆ. ಆಮೇಲೆ ಯಾವ ರುಚಿಯೂ ಒಳಗೆ ಇಳಿಯುವುದಿಲ್ಲ. ಚಾಕೊಲೇಟಿನ ಮೇಲೆ ಎರಡು ಹರಳು ಉಪ್ಪು ಉದುರಿಸಿದರೆ ಕಿನಾತೊದ ಏಲಕ್ಕಿ, ಲವಂಗದ ಎಳೆ ಎದ್ದು ಬರುತ್ತದೆ. ನನ್ನ ಮಟ್ಟಿಗೆ ಈ ವೈನಿಗೆ ಇದಕ್ಕಿಂತ ಒಳ್ಳೆಯ ಜೊತೆ ಇನ್ನೂ ಸಿಕ್ಕಿಲ್ಲ.

ಚೀಸಿನಲ್ಲಿ ಮೃದುವಾದ ಗೊರ್ಗೊನ್‌ಜೋಲಾ ಕಿನಾತೊಗೆ, ಎಳೆಯ ಆಡಿನ ಚೀಸು ಬಿಳಿ ಅಮೆರಿಕಾನೊಗೆ. ಬ್ರೀಯಂಥ ಚೀಸಿನ ಹೊರಪದರ ತೆಗೆದುಬಿಡಿ, ಹಣ್ಣಾದ ಪದರದ ಅಮೋನಿಯಾ ಘಾಟು ಕಹಿಯ ಜೊತೆ ಸೇರಿ ಲೋಹದ ರುಚಿ ಕೊಡುತ್ತದೆ. ಆರ್ಟಿಚೋಕ್ ಎಂಬ ತರಕಾರಿ ಒಂದು ವಿಚಿತ್ರ ಅತಿಥಿ: ಅದನ್ನು ತಿಂದ ಮೇಲೆ ಕುಡಿದದ್ದೆಲ್ಲ ಅನೇಕರಿಗೆ ಸಿಹಿಯಾಗಿ ತೋರುತ್ತದೆ. ಉಳಿದ ವೈನುಗಳಿಗೆ ಇದು ಶಾಪ, ಎಕ್ಸ್‌ಟ್ರಾ ಡ್ರೈ ವರ್ಮೌತಿಗೆ ವರ. ವಿನೆಗರಿನ ಉಪ್ಪಿನಕಾಯಿಗಳನ್ನೂ ಡ್ರೈ ಬಗೆಗೇ ಬಿಡಿ. ಹುಳಿ ತಿಂದ ಬಾಯಿಗೆ ಸಿಹಿ ಕೆಂಪು ವರ್ಮೌತ್ ಪಾಕದಂತೆ ಜಿಗುಟಾಗುತ್ತದೆ.

ಪಾನೀಯದ ಜೊತೆಯಲ್ಲಿ ತಪ್ಪು ಆಗುವುದು ಹೆಚ್ಚಾಗಿ ಕಹಿಯ ಮೇಲೆ ಕಹಿ ಹೇರಿದಾಗ. ಟಾನಿಕ್ ನೀರಿನಲ್ಲಿ ಕ್ವಿನೈನ್ ಇದೆ, ಕ್ವಿನೈನ್ ಅಂದರೆ ಸಿಂಕೋನಾದ್ದೇ ಕಹಿ. ಸಿಂಕೋನಾ ಜಾಸ್ತಿಯಿರುವ ವೈನಿಗೆ ಟಾನಿಕ್ ಬೆರೆಸಿದರೆ ಏಕತಾನ. ಅದಕ್ಕೆ ಬರೀ ಸೋಡಾ ಸಾಕು: 60 ಮಿಲಿ ವೈನು, 60 ಮಿಲಿ ಸೋಡಾ, ದೊಡ್ಡದೊಂದು ಐಸ್ ತುಂಡು, ಲೋಟದ ಮೇಲೆ ಹಿಂಡಿದ ಕಿತ್ತಳೆ ಸಿಪ್ಪೆ. ಸಿಪ್ಪೆಯ ಎಣ್ಣೆ ಮಾತ್ರ, ರಸ ಬೇಡ. ರಸದ ಹುಳಿ ಸಿಹಿ ಎಲ್ಲವನ್ನೂ ಕಲಸಿಬಿಡುತ್ತದೆ. ಮಾಚಿಪತ್ರೆಯ ಹಸಿರು ಘಾಟೇ ಮುಂದಿರುವ ಬಿಳಿ ವರ್ಮೌತಿಗೆ ಟಾನಿಕ್ ಒಪ್ಪುತ್ತದೆ, 50 ಮಿಲಿಗೆ 100 ಮಿಲಿ. ಕಹಿ ಮಿತಿಮೀರಿತು ಅನ್ನಿಸಿದರೆ 80 ಗ್ರಾಂ ನೀರಿನಲ್ಲಿ 20 ಗ್ರಾಂ ಉಪ್ಪು ಕರಗಿಸಿಟ್ಟುಕೊಂಡು ಅದರ ಎರಡು ಹನಿ ಹಾಕುತ್ತೇನೆ. ಉಪ್ಪಿನ ರುಚಿ ಗೊತ್ತಾಗಬಾರದು, ಗೊತ್ತಾಯಿತೆಂದರೆ ಮೂರನೆಯ ಹನಿ ಬಿದ್ದಿದೆ.

ನೆಗ್ರೋನಿ ಕಾಕ್‌ಟೇಲಿನಲ್ಲಿ ಜಿನ್, ಕಾಂಪಾರಿ ಎಂಬ ಕಹಿ ಮದ್ಯ, ಸಿಹಿ ವರ್ಮೌತ್ ಮೂರೂ ತಲಾ 30 ಮಿಲಿ. ವರ್ಮೌತಿನ ಜಾಗಕ್ಕೆ ಪುಂಟ್ ಎ ಮೆಸ್ ಬಂದಾಗ ಕಾಂಪಾರಿಯನ್ನು 20 ಮಿಲಿಗೆ ಇಳಿಸುತ್ತೇನೆ. ಕಾಫಿಯೂ ಪುಂಟ್ ಎ ಮೆಸ್‌ಗೆ ಒಳ್ಳೆಯ ಜೊತೆ, ಆದರೆ ಕಪ್ಪಗೆ ಹುರಿದ ಬೀಜದ್ದು ಬೇಡ. ಮಧ್ಯಮ ಹುರಿತದ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿದ ಕಾಫಿ 30 ಮಿಲಿಗೆ ವೈನು 45 ಮಿಲಿ. ಹಾಲು, ಕೆನೆ ಹಾಕಬೇಡಿ, ವೈನಿನ ಹುಳಿಗೂ ಒಗರಿಗೂ ಒಡೆದು ತರಿತರಿಯಾಗುತ್ತದೆ.

ಅಡುಗೆಗೆ ಹಾಕುವುದಾದರೆ ಡ್ರೈ ಬಗೆ ಮಾತ್ರ. ಕುದಿಸಿದಾಗ ಪರಿಮಳವೂ ಮದ್ಯವೂ ಆವಿಯಾಗುತ್ತವೆ, ಕಹಿ ಮತ್ತು ಸಕ್ಕರೆ ಬಾಣಲೆಯಲ್ಲೇ ಉಳಿದು ಗಟ್ಟಿಯಾಗುತ್ತವೆ. ಮೀನಿನ ಸಾಸಿಗೆ 100 ಮಿಲಿಯನ್ನು ಅರ್ಧಕ್ಕೆ ಇಳಿಸಿ, ಉರಿ ಆರಿಸಿ, 30 ಗ್ರಾಂ ತಣ್ಣನೆಯ ಬೆಣ್ಣೆ ಕದಡುತ್ತೇನೆ. ಅರ್ಧಕ್ಕಿಂತ ಕೆಳಗಿಳಿಸಿದರೆ ಬೆಣ್ಣೆ ಎಷ್ಟು ಹಾಕಿದರೂ ಸರಿಹೋಗುವುದಿಲ್ಲ.

ಲೋಟದ ತಂಪು ಕೂಡ ಲೆಕ್ಕಕ್ಕೆ ಬರುತ್ತದೆ. ತೀರಾ ತಣ್ಣಗಾದರೆ ಸಿಹಿ ಮಂಕಾಗಿ ಕಹಿ ಎದ್ದು ಕಾಣುತ್ತದೆ. ಬಿಳಿ ವರ್ಮೌತಿಗೆ 8–10 ಡಿಗ್ರಿ, ಕೆಂಪು ವರ್ಮೌತಿಗೆ 12–14 ನನ್ನ ರೂಢಿ.

ತೆರೆದ ಬಾಟಲಿ ಫ್ರಿಜ್ಜಿನಲ್ಲೇ ಇರಬೇಕು. ಬಿಳಿ ಒಂದು ತಿಂಗಳು, ಕೆಂಪು ಎರಡು ತಿಂಗಳ ತನಕ ಬಾಳುತ್ತದೆ. ಅರ್ಧ ಖಾಲಿಯಾದ ಕೂಡಲೇ ಚಿಕ್ಕ ಬಾಟಲಿಗೆ ಕಂಠದವರೆಗೆ ತುಂಬಿ ಮುಚ್ಚಿಡುತ್ತೇನೆ. ಗಾಳಿ ತಾಗಿ ಹಳಸುವಾಗ ಮೊದಲು ಹೋಗುವುದು ಪರಿಮಳ, ಕಹಿ ಇದ್ದಲ್ಲೇ ಇರುತ್ತದೆ. ಮೊದಲ ವಾರ ಕುದುರಿದ ಜೋಡಿ ಆರನೆಯ ವಾರ ಕೆಡುವುದು ಅದಕ್ಕೇ. ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಬಂದಿದ್ದರೆ ಆ ಬಾಟಲಿಯನ್ನು ಮೇಜಿಗೆ ತರದೆ ಮೇಲಿನ ಬೆಣ್ಣೆ ಸಾಸಿಗೆ ಬಳಸಬಹುದು, ಅದೂ ಡ್ರೈ ಆಗಿದ್ದರೆ.