ಮಲೇರಿಯಾ ಪರಾವಲಂಬಿಯೊಳಗೆ ನ್ಯೂಕ್ಲಿಯಸ್ ಎಣಿಸಿದ್ದು

ನ್ಯೂಕ್ಲಿಯಸ್ ವಿಭಜನೆ ಅಂದರೆ ಎಲ್ಲರಿಗೂ ಪಿಯುಸಿ ಲ್ಯಾಬಿನ ಈರುಳ್ಳಿ ಬೇರೇ ನೆನಪಾಗುತ್ತದೆ, ಅಲ್ವಾ? ದಪ್ಪಗಾಗಿ ಸಾಲು ನಿಂತ ಕ್ರೋಮೋಸೋಮುಗಳು, ಕರಗಿಹೋದ ಪೊರೆ. ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಮ್‌ನಲ್ಲಿ ಅದನ್ನೆಲ್ಲ ಹುಡುಕಬೇಡಿ. ಇದರ 14 ಕ್ರೋಮೋಸೋಮುಗಳು ಕಣ್ಣಿಗೆ ಕಾಣುವಷ್ಟು ದಪ್ಪಗಾಗುವುದೇ ಇಲ್ಲ. ಪೊರೆಯೂ ಹಾಗೇ ಉಳಿದು, ಎಲ್ಲ ಒಳಗೊಳಗೇ ನಡೆಯುತ್ತದೆ. ಹಾಗಾಗಿ ನಾನು ಹಿಡಿದ ದಾರಿ ಎಣಿಕೆಯದು: ಒಂದೊಂದು ಪರಾವಲಂಬಿಯೊಳಗೆ ಎಷ್ಟು ನ್ಯೂಕ್ಲಿಯಸ್ ಆಗಿವೆ ಎಂದು ನೋಡುವುದು.

ಮೊದಲು ಕಲ್ಚರಿನಲ್ಲಿರುವ ಪರಾವಲಂಬಿಗಳನ್ನು ಹೆಚ್ಚುಕಡಿಮೆ ಒಂದೇ ವಯಸ್ಸಿಗೆ ತರಬೇಕು. ಅದಕ್ಕೆ 5% ಸಾರ್ಬಿಟಾಲ್ ಎಂಬ ಸಕ್ಕರೆಯಂಥ ವಸ್ತುವಿನ ದ್ರಾವಣ. ಬೆಳೆದ ಪರಾವಲಂಬಿ ಇರುವ ಕೆಂಪು ರಕ್ತಕಣದೊಳಗೆ ಸಾರ್ಬಿಟಾಲ್ ನುಗ್ಗುತ್ತದೆ, ಹಿಂದೆಯೇ ನೀರೂ ಬಂದು ಕಣ ಒಡೆಯುತ್ತದೆ. ಉಂಗುರದಂತೆ ಕಾಣುವ ಎಳೆಯ ಪರಾವಲಂಬಿಗಳು, ಅಂದರೆ ರಿಂಗ್‌ಗಳು, ಮಾತ್ರ ಉಳಿಯುತ್ತವೆ. ಅವು ರಕ್ತಕಣ ಹೊಕ್ಕು ಸುಮಾರು 30 ಗಂಟೆ ದಾಟಿದ ಮೇಲೆ ಎರಡು ಗಂಟೆಗೊಮ್ಮೆ ಗಾಜಿನ ಸ್ಲೈಡ್ ಮೇಲೆ ರಕ್ತದ ತೆಳುವಾದ ಸ್ಮಿಯರ್ ಎಳೆದು, ಮೆಥನಾಲ್‌ನಲ್ಲಿ ಅದ್ದಿ, 10% ಜೀಮ್ಸಾ ಹಾಕುತ್ತಿದ್ದೆ. ಹಳೇ ಕಾಲದ ಬಣ್ಣ, ಆದರೂ ಮೊದಲ ನೋಟಕ್ಕೆ ನನಗೆ ಅದೇ ಇಷ್ಟ.

ಆಯಿಲ್ ಇಮ್ಮರ್ಶನ್ ಲೆನ್ಸಿನಲ್ಲಿ ನೋಡಿದರೆ ನೀಲಿ ಸೈಟೋಪ್ಲಾಸಂ, ಅದರಲ್ಲಿ ಕೆನ್ನೇರಳೆ ಚುಕ್ಕೆಗಳು, ನಡುವೆ ಕಂದು ಪಿಗ್ಮೆಂಟ್ ಗಂಟು (ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಉಳಿಸಿದ ಕಸ). ಒಂದೊಂದು ಚುಕ್ಕೆಯೂ ಒಂದು ನ್ಯೂಕ್ಲಿಯಸ್, ಹೆಚ್ಚೆಂದರೆ 1 ಮೈಕ್ರಾನ್ ಆಸುಪಾಸು. ಒಂದರ ಮೇಲೊಂದು ಕೂತಿರುತ್ತವೆ. ಫೈನ್ ಫೋಕಸ್ ಮೇಲೆ ಕೆಳಗೆ ತಿರುಗಿಸುತ್ತಲೇ ಎಣಿಸಬೇಕು.

ಎಲ್ಲ ಒಟ್ಟಿಗೆ ಒಡೆಯುವುದಾದರೆ 2, 4, 8, 16 ಮಾತ್ರ ಸಿಗಬೇಕಿತ್ತು. ನನಗೆ 3, 5, 7 ಕೂಡ ಧಾರಾಳವಾಗಿ ಸಿಕ್ಕವು. ಒಂದೇ ಸೈಟೋಪ್ಲಾಸಂ ಹಂಚಿಕೊಂಡಿದ್ದರೂ ಪ್ರತಿ ನ್ಯೂಕ್ಲಿಯಸ್ಸಿಗೆ ಅದರದೇ ವೇಗ. ಖಾತ್ರಿಗೆ ಡಿಎನ್‌ಎ ಹೊಳೆಯುವಂತೆ ಮಾಡುವ ಹೋಕ್ಸ್ಟ್ ಬಣ್ಣದ ಜೊತೆ, ಸ್ಪಿಂಡಲ್ (ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳು) ತೋರಿಸುವ ಟ್ಯೂಬ್ಯುಲಿನ್ ಆಂಟಿಬಾಡಿ ಹಾಕಿ ನೋಡಿದೆ. ಅದೇ ಪರಾವಲಂಬಿಯಲ್ಲಿ ಒಂದು ನ್ಯೂಕ್ಲಿಯಸ್ಸಿನ ಸ್ಪಿಂಡಲ್ ಇನ್ನೂ ಗಿಡ್ಡ, ಪಕ್ಕದ್ದರಲ್ಲಿ ಉದ್ದಕ್ಕೆ ಚಾಚಿ ಎರಡಾಗುವ ಹಂತ. ಕೊನೆಯ ಸುತ್ತಿನಲ್ಲಿ ಮಾತ್ರ ಬಹುಮಟ್ಟಿಗೆ ಜೊತೆಯಾಗುತ್ತವೆ. ಆಮೇಲೆ ಸೈಟೋಪ್ಲಾಸಂ ಪಾಲಾಗಿ, ಸುಮಾರು 48ನೇ ಗಂಟೆಗೆ ಮೆರೋಜೋಯಿಟ್‌ಗಳು, ಅಂದರೆ ಮರಿ ಪರಾವಲಂಬಿಗಳು, ಕಣ ಒಡೆದು ಹೊರಬರುತ್ತವೆ.

ಒಂದು ಪರಾವಲಂಬಿಯಿಂದ ಕೊನೆಗೆ ಎಷ್ಟು ಮರಿಗಳಾದವು ಎಂಬ ಲೆಕ್ಕ ಬೇಕೆಂದರೆ ಇ-64 ಹಾಕಿ; ಇದು ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ರಾಸಾಯನಿಕ. ಮೆರೋಜೋಯಿಟ್‌ಗಳು ಪೂರ್ತಿ ತಯಾರಾಗುತ್ತವೆ, ಆದರೆ ರಕ್ತಕಣದ ಪೊರೆ ಒಡೆಯದೆ ಒಳಗೇ ಗುಂಪಾಗಿ ಉಳಿಯುತ್ತವೆ. ಪಿಗ್ಮೆಂಟ್ ಗಂಟು ಎರಡು ಕಂಡರೆ ಆ ಕಣವನ್ನು ಸುಮ್ನೆ ಬಿಟ್ಟುಬಿಡಿ. ಅಲ್ಲಿ ಎರಡು ಪರಾವಲಂಬಿಗಳು ಹೊಕ್ಕಿರುವ ಸಾಧ್ಯತೆಯೇ ಜಾಸ್ತಿ. ಕಲ್ಚರಿನಲ್ಲಿ ಸೋಂಕಿತ ಕಣಗಳ ಪ್ರಮಾಣ ಕಡಿಮೆ ಇಟ್ಟರೆ ಈ ಗೋಜಲೂ ಕಡಿಮೆ.