ಒಂದು ಹುಳು ಇಡೀ ದೇಶಕ್ಕೆ ಹರಡಿದ್ದು ಹೇಗೆ? ಈಜಿಪ್ಟಿನ ನಾಲೆಗಳಲ್ಲಿ ಜಾಡು ಹಿಡಿಯುವ ಬಗೆ

ಪರಾವಲಂಬಿ ಹುಳುವಿನ ರೋಗ ಒಂದು ದೇಶದಲ್ಲಿ ಹೇಗೆ ಹರಡಿತು ಎಂದು ತಿಳಿಯಲು ರೋಗಿಗಳ ಲೆಕ್ಕ ಮಾತ್ರ ಸಾಲದು. ಹುಳು ಓಡಾಡುವ ದಾರಿ ಗೊತ್ತಿರಬೇಕು. ಈಜಿಪ್ಟಿನ ಬಿಲ್‌ಹಾರ್ಜಿಯಾ ರೋಗವನ್ನೇ ತೆಗೆದುಕೊಳ್ಳಿ. 1851ರಲ್ಲಿ ಕೈರೋದಲ್ಲಿ ಶವಪರೀಕ್ಷೆ ಮಾಡುವಾಗ ಥಿಯೋಡೋರ್ ಬಿಲ್‌ಹಾರ್ಜ್ ಎಂಬ ಜರ್ಮನ್ ವೈದ್ಯರಿಗೆ ಈ ಹುಳು ರಕ್ತನಾಳದೊಳಗೆ ಕಂಡಿತು. ರೋಗ ಮಾತ್ರ ತುಂಬಾ ಹಳೆಯದು. ಅಲ್ಲಿನ ಮಮ್ಮಿಗಳಲ್ಲೂ ಇದರ ಮೊಟ್ಟೆ ಸಿಕ್ಕಿದೆ. ಹಾಗಾದರೆ 20ನೇ ಶತಮಾನದಲ್ಲಿ ಇದು ಅಷ್ಟೊಂದು ಜಾಸ್ತಿಯಾಗಿದ್ದು ಯಾಕೆ?

ಮೊದಲು ಮೊಟ್ಟೆಯ ಹಿಂದೆ ಹೋಗಿ. ಈಜಿಪ್ಟಿನಲ್ಲಿ ಈ ಹುಳುವಿನ ಎರಡು ಜಾತಿಗಳಿವೆ. ಒಂದರ ಮೊಟ್ಟೆ ಮೂತ್ರದಲ್ಲಿ ಹೊರಬರುತ್ತದೆ, ಇನ್ನೊಂದರದು ಮಲದಲ್ಲಿ. ಸಿಹಿನೀರಿಗೆ ಬಿದ್ದ ಮೊಟ್ಟೆ ಒಡೆದು ಮರಿ ಈಚೆ ಬರುತ್ತದೆ. ಅದಕ್ಕೆ ಹೆಚ್ಚು ಹೊತ್ತಿಲ್ಲ. ತನಗೆ ಬೇಕಾದ ಜಾತಿಯ ಬಸವನಹುಳು ಸುಮಾರು ಒಂದು ದಿನದೊಳಗೆ ಸಿಗದಿದ್ದರೆ ಸತ್ತುಹೋಗುತ್ತದೆ. ಸಿಕ್ಕಿತೋ, ಅದರ ಮೈಯೊಳಗೆ ಕೆಲವು ವಾರಗಳಲ್ಲಿ ಆ ಒಂದು ಮರಿಯಿಂದ ಸಾವಿರಾರು ಮರಿಗಳು ಹುಟ್ಟಿ ನೀರಿಗೆ ಇಳಿಯುತ್ತವೆ. ಇವು ಮನುಷ್ಯರ ಚರ್ಮ ಕೊರೆದು ನಿಮಿಷಗಳಲ್ಲೇ ಒಳಹೊಗುತ್ತವೆ. ನೀರು ಕುಡಿಯಬೇಕೆಂದೇ ಇಲ್ಲ, ಕಾಲಿಟ್ಟರೂ ಸಾಕು. ಆದರೆ ರೋಗಿಯನ್ನು ಮುಟ್ಟಿದರೆ ಈ ರೋಗ ಅಂಟುವುದಿಲ್ಲ.

ಅಂದರೆ ಬಸವನಹುಳು ಇಲ್ಲದ ಕಡೆ ಸರಪಳಿ ತುಂಡಾಗುತ್ತದೆ, ಅಲ್ವಾ? ಆದ್ದರಿಂದ ಎರಡನೇ ಹೆಜ್ಜೆ: ನೀರು ಎಲ್ಲಿ, ವರ್ಷಕ್ಕೆ ಎಷ್ಟು ತಿಂಗಳು ನಿಲ್ಲುತ್ತದೆ ಎಂದು ನೋಡಿ. ನನ್ನ ಪ್ರಕಾರ ಇಡೀ ಕಥೆಯ ಕೀಲಿ ಇಲ್ಲೇ ಇದೆ. ಹಿಂದೆ ನೈಲ್ ನದಿಗೆ ವರ್ಷಕ್ಕೊಮ್ಮೆ ನೆರೆ ಬರುತ್ತಿತ್ತು. ಹೊಲಗಳು ನೆನೆದು, ಬೆಳೆ ಬಂದ ಮೇಲೆ ಒಣಗುತ್ತಿದ್ದವು. ಬಸವನಹುಳುಗಳು ಹೆಚ್ಚಿನಂಶ ಸಾಯುತ್ತಿದ್ದವು. ಅಣೆಕಟ್ಟು, ನಾಲೆಗಳು ಬಂದ ಮೇಲೆ ವರ್ಷವಿಡೀ ನೀರು. ಹತ್ತಿ ಬೆಳೆಯಿತು, ಬಸವನಹುಳುಗಳೂ ಬೆಳೆದವು. 1930ರ ದಶಕದಲ್ಲಿ ಮೇಲ್ ಈಜಿಪ್ಟಿನ (ದೇಶದ ದಕ್ಷಿಣ ಭಾಗ) ನಾಲ್ಕು ಕಡೆ ಇದನ್ನು ಅಳೆದು ನೋಡಿದ್ದರು. ನಾಲೆ ನೀರು ಬರುವ ಮುಂಚೆ ಸೋಂಕು ಶೇ 2ರಿಂದ 11ರಷ್ಟಿತ್ತು. ಮೂರೇ ವರ್ಷದಲ್ಲಿ ಶೇ 44ರಿಂದ 75ಕ್ಕೆ ಏರಿತು. ಹುಳು ಹೊಸದಲ್ಲ, ಜನರೂ ಅವರೇ. ಬದಲಾದದ್ದು ನೀರು.

ಆಮೇಲೆ ಜನರನ್ನು ನೋಡಿ. ಬಟ್ಟೆ ಒಗೆಯುವ ಹೆಂಗಸರು, ನೀರು ಹಾಯಿಸುವ ರೈತರು, ಈಜುವ ಮಕ್ಕಳು. ಎಲ್ಲರ ಮೈಯಲ್ಲೂ ಒಂದೇ ಸಮ ಹುಳು ಇರುವುದಿಲ್ಲ. ಕೆಲವರಲ್ಲಿ ವಿಪರೀತ, ಅದರಲ್ಲೂ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ. ಮೂತ್ರದಲ್ಲಿ ರಕ್ತ ಹೋಗುವ ಹುಡುಗ ಮತ್ತೆ ಅದೇ ನಾಲೆಗೆ ಇಳಿದರೆ, ಅಲ್ಲಿಂದ ಮೊಟ್ಟೆಗಳ ಹೊಸ ಸುತ್ತು ಶುರು.

ರೋಗ ಎಲ್ಲೆಲ್ಲಿದೆ ಎಂಬ ಭೂಪಟವನ್ನು ಒಮ್ಮೆ ಬರೆದು ಸುಮ್ಮನಾಗಬೇಡಿ. 1970ರಲ್ಲಿ ಆಸ್ವಾನ್ ಹೈ ಡ್ಯಾಮ್ ಮುಗಿದ ಮೇಲೆ ನದೀಮುಖಜ ಪ್ರದೇಶದಲ್ಲಿ ಮೂತ್ರಕೋಶದ ಜಾತಿ ಕಡಿಮೆಯಾಗಿ, ಕರುಳು ಮತ್ತು ಯಕೃತ್ತನ್ನು ಕಾಡುವ ಜಾತಿ ಹೆಚ್ಚಿತು. ಅದಕ್ಕೆ ಬೇಕಾದ ಬಸವನಹುಳು ಅಲ್ಲಿ ಹೆಚ್ಚಾಗಿತ್ತು.

ಇನ್ನೊಂದು ಜಾಡು ಬಹಳ ನೋವಿನದು, ಆದರೂ ಬಿಡುವಂತಿಲ್ಲ. ಅದು ಚಿಕಿತ್ಸೆಯದು. 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಆಂಟಿಮನಿ ಎಂಬ ಲೋಹದಂಥ ಧಾತು ಇರುವ ಔಷಧವನ್ನು ಹಳ್ಳಿಹಳ್ಳಿಯಲ್ಲಿ ಇಂಜೆಕ್ಷನ್ ಮೂಲಕ ಕೊಟ್ಟರು. ಸರಿಯಾಗಿ ಶುದ್ಧ ಮಾಡದ ಸೂಜಿಯನ್ನೇ ಮತ್ತೆ ಮತ್ತೆ ಚುಚ್ಚಿದ್ದರಿಂದ ಯಕೃತ್ತನ್ನು ಕಾಡುವ ವೈರಸ್ ರೋಗ ಹೆಪಟೈಟಿಸ್ ಸಿ ಊರೂರಿಗೆ ಹಬ್ಬಿತು. ವಾಸಿಯಾಗಲೆಂದು ಸಾಲಿನಲ್ಲಿ ನಿಂತವರಿಗೆ ಹೀಗಾಯಿತಲ್ಲ ಎಂದು ಸಂಕಟವಾಗುತ್ತದೆ. ನಂತರ ನುಂಗುವ ಮಾತ್ರೆ ಪ್ರಾಜಿಕ್ವಾಂಟೆಲ್ ಬಂತು. ಸೂಜಿಯ ಗೊಡವೆ ತಪ್ಪಿತು, ರೋಗ ತುಂಬಾ ಇಳಿಯಿತು. ಈ ಮಾತ್ರೆ ದೊಡ್ಡ ಹುಳುಗಳನ್ನು ಕೊಲ್ಲುತ್ತದೆ, ಎಳೆಯವನ್ನು ಅಷ್ಟಾಗಿ ಅಲ್ಲ. ಮತ್ತೆ ಸೋಂಕು ತಗಲುವುದನ್ನೂ ತಡೆಯುವುದಿಲ್ಲ. ಹಾಗಾಗಿ ಮಾತ್ರೆ ಕೊಟ್ಟ ಊರಿನಲ್ಲೂ ಮಕ್ಕಳ ಪರೀಕ್ಷೆ ಮುಂದುವರಿಯಬೇಕು. ನಾಲೆಯ ಬಸವನಹುಳುಗಳ ಮೇಲೂ ಕಣ್ಣಿಡಬೇಕು, ಮನೆಗೆ ನಲ್ಲಿ ಮತ್ತು ಶೌಚಾಲಯ ಬರಬೇಕು.