688 ಯಾಕೆ ಬರುತ್ತಿತ್ತು?

ಮಗಳಿಗೆ ಪ್ರತಿಧ್ವನಿಯ ಲೆಕ್ಕ ಹೇಳಿಕೊಡುತ್ತಿದ್ದೆ. ಚಪ್ಪಾಳೆ ತಟ್ಟಿದ 2 ಸೆಕೆಂಡಿಗೆ ಸದ್ದು ವಾಪಸ್ ಬಂದರೆ ಬಂಡೆ ಎಷ್ಟು ದೂರ? ಶಬ್ದದ ವೇಗ ಸೆಕೆಂಡಿಗೆ 344 ಮೀಟರ್. ನಾನು ಸುಮ್ನೆ ಗುಣಿಸಿ 688 ಅಂದೆ. ಪುಸ್ತಕದಲ್ಲಿ ಉತ್ತರ 344 ಮೀಟರ್ ಅಂತ ಇತ್ತು. ಅಚ್ಚಿನ ತಪ್ಪು ಅಂತ ಪುಸ್ತಕಕ್ಕೇ ಬೈದೆ, ನೋಡಿ!

ಭಾನುವಾರ ಬಳ್ಳಾರಿ ಕೋಟೆ ಗುಡ್ಡದ ಹತ್ತಿರ ಅವಳು ‘ಹೋ’ ಎಂದು ಕೂಗಿದಳು. ಸದ್ದು ಬಂಡೆಗೆ ಬಡಿದು ತಿರುಗಿ ಬಂತು. “ಅಪ್ಪಾ, ಇದು ಹೋಗಿ ಬರೋ ಬಸ್ ಚಾರ್ಜ್ ಇದ್ದಂಗೆ” ಎಂದಳು. ಹೌದಲ್ವಾ! 688 ಎರಡೂ ಕಡೆಯ ದಾರಿ. ಅರ್ಧ ಮಾಡಿದರೆ 344.

ಈಗ ಮೊದಲು ಎರಡು ಬಾಣ ಬರೆಯುತ್ತೇವೆ, ಹೋಗಲು ಒಂದು, ಬರಲು ಒಂದು. ಅಂದ ಹಾಗೆ, ಬಂಡೆಗೆ ತೀರಾ ಹತ್ತಿರ ನಿಂತು ಕೂಗಬೇಡಿ. ಪ್ರತಿಧ್ವನಿ ಬೇರೆಯಾಗಿ ಕೇಳಲು 0.1 ಸೆಕೆಂಡ್ ಬೇಕು, ಅಂದರೆ ಕನಿಷ್ಠ 17.2 ಮೀಟರ್ ದೂರ.